ಹಸು ಹೋದ ಮೇಲೆ ಉಳಿದ ಗೂಟ: ಲಿನಕ್ಸ್ ಗಣಕದ ಒಂದು ಪಾಠ

ತಳಿ, ಡೆಂಕಣಿಕೋಟೆಗಳ ಕಡೆಯ ದನದ ಕೊಟ್ಟಿಗೆಗಳನ್ನು ನಮ್ಮ ಬಾಲಕ ಬಾಲಿಕೆಯರು ಬಲ್ಲರಷ್ಟೆ? ಹಸುವನ್ನು ಮಾರಿದರೂ ಅದನ್ನು ಕಟ್ಟಿದ್ದ ಗೂಟ ನೆಲದಲ್ಲಿಯೇ ಉಳಿಯುತ್ತದೆ. ಗಣಕಯಂತ್ರದಲ್ಲಿಯೂ ಕೆಲವೊಮ್ಮೆ ಹೀಗಾಗುವುದುಂಟು.

ತಮಿಳುನಾಡು ಸರ್ಕಾರವು 2011ರಲ್ಲಿ ಆರಂಭಿಸಿದ ಯೋಜನೆಯಂತೆ ವಿದ್ಯಾರ್ಥಿಗಳಿಗೆ ಉಚಿತವಾಗಿ ಹಂಚಿದ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್‌ನೊಡನೆ ‘ಬಾಸ್’ ಎಂಬ ಲಿನಕ್ಸ್ ವ್ಯವಸ್ಥೆಯೂ ಇದ್ದಿತು. ಸಿ-ಡ್ಯಾಕ್ ಸಂಸ್ಥೆಯು ಡೆಬಿಯನ್ನಿನ ಆಧಾರದ ಮೇಲೆ ರಚಿಸಿದ ಈ ವ್ಯವಸ್ಥೆಯಲ್ಲಿ ಕನ್ನಡಕ್ಕೂ ಸ್ಥಾನವುಂಟು. ಅಂಥ ಹಳೆಯ ಯಂತ್ರವು ಮನೆಯಲ್ಲಿರುವವರಿಗೆ ಈ ಪಾಠ ವಿಶೇಷವಾಗಿ ಉಪಯುಕ್ತವೆಂದು ಭಾವಿಸುತ್ತೇವೆ.

ಲಿನಕ್ಸ್‌ನಲ್ಲಿ ಪೆನ್ ಡ್ರೈವ್ ಸಿಕ್ಕಿಸಿದೊಡನೆ ಅದರ ಕಡತಗಳನ್ನು ಒಂದು ಫೋಲ್ಡರಿಗೆ ಜೋಡಿಸಲಾಗುತ್ತದೆ. ಈ ಕ್ರಿಯೆಗೆ ‘ಮೌಂಟ್’ ಎಂದು ಹೆಸರು. ಡೆಬಿಯನ್ ವರ್ಗದ ವ್ಯವಸ್ಥೆಗಳಲ್ಲಿ ಆ ಫೋಲ್ಡರು ‘ಮೀಡಿಯಾ’ ಎಂಬುದರೊಳಗೆ ಹುಟ್ಟುತ್ತದೆ. ಪೆನ್ ಡ್ರೈವನ್ನು ಕ್ರಮವಾಗಿ ಬಿಡಿಸಿದಾಗ ಅದು ಅಳಿದುಹೋಗಬೇಕು. ಈ ಕಾರ್ಯವನ್ನು ನಿರ್ವಹಿಸುವುದು ‘ಯುಡಿಸ್ಕ್ಸ್’ ಎಂಬ ಪ್ಯಾಕೇಜು.

ಪ್ಯಾಕೇಜು ಹಳೆಯದಾಗಿದ್ದು, ಬ್ಯಾಟರಿ ಸೊರಗಿದ ಯಂತ್ರವು ನಡುವೆಯೇ ಥಟ್ಟನೆ ಆರಿಹೋದರೆ, ಆ ಫೋಲ್ಡರು ಖಾಲಿಯಾಗಿ ಉಳಿದುಬಿಡಬಹುದು. ಮುಂದಿನ ಸಲ ‘ಪಾಠ’ ಎಂಬ ಪೆನ್ ಡ್ರೈವ್ ‘ಪಾಠ1’ ಎಂದು ಕಾಣಿಸಿಕೊಳ್ಳುತ್ತದೆ. ಕೇವಲ ಹೆಸರಿನ ದೋಷವೆಂದು ಇದನ್ನು ಅಲಕ್ಷಿಸಲಾಗದು. ಪೂರ್ಣಾಧಿಕಾರದಿಂದ ತಾನಾಗಿ ಪ್ರತಿ ತೆಗೆಯುವ ಕಾರ್ಯಕ್ರಮವು ಹಳೆಯ ಹೆಸರನ್ನೇ ನಂಬಿ ಖಾಲಿ ಫೋಲ್ಡರಿಗೆ ಬರೆಯುತ್ತ ಹೋಗಬಹುದು. ಯಂತ್ರ ಕೆಟ್ಟ ದಿನ ನೋಡಿದರೆ ಪೆನ್ ಡ್ರೈವ್‌ನಲ್ಲಿ ಏನೂ ಇರುವುದಿಲ್ಲ!

ಇದಕ್ಕೆ ಪರಿಹಾರವೇನು? ಮೊದಲು ಗೂಟದಲ್ಲಿ ಹಸುವುಂಟೇ ಎಂದು ನೋಡಬೇಕು. ‘ಫೈಂಡ್‌ಎಂಎನ್‌ಟಿ’ ಎಂಬ ಆಜ್ಞೆ ಕೊಟ್ಟರೆ ಸದ್ಯ ಜೋಡಣೆಯಾಗಿರುವುದೆಲ್ಲವೂ ಪಟ್ಟಿಯಾಗಿ ಕಾಣುತ್ತದೆ. ಹಳೆಯ ಹೆಸರು ಅಲ್ಲಿದ್ದರೆ ‘ಯುಮೌಂಟ್’ ಆಜ್ಞೆಯಿಂದ ಬಿಡಿಸಬೇಕು. ಇದರ ಕಾಗುಣಿತ ಯು, ಎಂ, ಓ, ಯು, ಎನ್, ಟಿ ಎಂಬ ಆರೇ ಅಕ್ಷರಗಳು. ಯು ಆದ ಮೇಲೆ ಎನ್ ಸೇರಿಸಬಾರದು. ‘ಬಿಡುವಿಲ್ಲ’ ಎಂಬ ಉತ್ತರ ಬಂದರೆ, ಆ ಫೋಲ್ಡರಿನ ಕಡತವನ್ನು ತೆರೆದಿರುವ ಕಾರ್ಯಕ್ರಮವನ್ನು ಮುಚ್ಚಿ ಪುನಃ ಯತ್ನಿಸಬೇಕು.

ಪಟ್ಟಿಯಲ್ಲಿ ಹೆಸರಿಲ್ಲದೆ ಫೋಲ್ಡರು ಮಾತ್ರ ಉಳಿದಿದ್ದರೆ, ಮುಂದೆ ‘ಸುಡೊ’ ಎಂದು ಸೇರಿಸಿ ‘ಆರ್‌ಎಂಡಿಐಆರ್’ ಆಜ್ಞೆಯಿಂದ ತೆಗೆಯಬೇಕು. ಫೋಲ್ಡರಿನಲ್ಲಿ ಒಂದು ಕಡತವಿದ್ದರೂ ಈ ಆಜ್ಞೆ ನಿರಾಕರಿಸುತ್ತದೆ; ಅದೇ ಅದರ ಗುಣ. ಅವಸರಪಟ್ಟು ‘ಆರ್‌ಎಂ’ ಆಜ್ಞೆಗೆ ‘ಆರ್’ ಸೇರಿಸಿ ಕೊಟ್ಟವರು, ಪೆನ್ ಡ್ರೈವ್ ಇನ್ನೂ ಜೋಡಣೆಯಲ್ಲಿದ್ದರೆ, ಅದರೊಳಗಿನದೆಲ್ಲವನ್ನೂ ಅಳಿಸಿಬಿಡುತ್ತಾರೆ. ಗೂಟ ಕೀಳಹೋಗಿ ಹಸುವನ್ನು ಕೊಂದಂತೆ!

ಗೂಟ ಕಿತ್ತರೂ ಮೂಲಕಾರಣ ಉಳಿದಿರುತ್ತದೆ. ಆದುದರಿಂದ ‘ಆಪ್ಟ್ ಅಪ್‌ಡೇಟ್’, ಅನಂತರ ‘ಆಪ್ಟ್ ಅಪ್‌ಗ್ರೇಡ್’ ಎಂಬ ಆಜ್ಞೆಗಳನ್ನು ‘ಸುಡೊ’ ಸಹಿತವಾಗಿ ಕೊಟ್ಟು ಪ್ಯಾಕೇಜುಗಳನ್ನು ಹೊಸದಾಗಿಸಬೇಕು. ಆ ಆವೃತ್ತಿಗೆ ತಿದ್ದುಪಡಿಗಳೇ ನಿಂತುಹೋಗಿದ್ದರೆ, ಕಡತಗಳ ಪ್ರತಿ ತೆಗೆದಿಟ್ಟುಕೊಂಡು ಹೊಸ ಆವೃತ್ತಿಯನ್ನು ಸ್ಥಾಪಿಸುವುದೇ ಲೇಸು.

ನೋಡಿ ತಿಳಿದ ಬಳಿಕವೇ ಕೈ ಹಾಕುವುದು, ತಪ್ಪಿದರೆ ತಡೆಯುವ ಉಪಕರಣವನ್ನೇ ಆರಿಸುವುದು, ಕೊನೆಗೆ ಮೂಲವನ್ನು ತಿದ್ದುವುದು: ಈ ಮೂರನ್ನು ನಮ್ಮ ವಿದ್ಯಾರ್ಥಿಗಳು ಮರೆಯದಿರಲಿ.