ಡ್ರಮ್ ಬ್ರೇಕಿನ ಸವೆತವೂ ಅದನ್ನು ತಾನಾಗಿ ಸರಿಗೊಳಿಸುವ ಸಾಧನವೂ

ಬೆಳೆಯನ್ನು ಪೇಟೆಗೆ ಸಾಗಿಸುವ ಲಾರಿಗೆ ಎಳೆಯುವ ಶಕ್ತಿಯು ಎಷ್ಟು ಅವಶ್ಯವೋ ನಿಲ್ಲುವ ಶಕ್ತಿಯೂ ಅಷ್ಟೇ ಅವಶ್ಯವು. ಹೊರೆ ತುಂಬಿ ಶಿರಾಡಿಯಂಥ ಘಟ್ಟವನ್ನಿಳಿಯುವಾಗ ಇದರ ಬೆಲೆ ತಿಳಿದುಬರುವುದು. ಆದುದರಿಂದ ಗಾಳಿಯ ಒತ್ತಡದಿಂದ ನಡೆಯುವ ಡ್ರಮ್ ಬ್ರೇಕಿನ ಸ್ವರೂಪವನ್ನು ಲಾರಿಯುಳ್ಳ ರೈತರು ಅರಿತಿರುವುದು ಒಳ್ಳೆಯದು.

ಡ್ರಮ್ ಎಂಬುದು ಚಕ್ರದೊಡನೆ ತಿರುಗುವ ಎರಕದ ಕಬ್ಬಿಣದ ದುಂಡನೆಯ ಭಾಗ. ಅದರೊಳಗೆ ಕಮಾನಿನಂತೆ ಬಾಗಿದ ಎರಡು ಷೂಗಳೂ ಅವುಗಳ ಹೊರಮೈಗೆ ಲೈನಿಂಗೂ ಇರುತ್ತವೆ. ಚಾಲಕನು ಪೆಡಲನ್ನು ತುಳಿದೊಡನೆ ಗಾಳಿಯು ಬ್ರೇಕಿನ ಕೋಶಕ್ಕೆ ನುಗ್ಗಿ ಒಂದು ದಂಡವನ್ನು ತಳ್ಳುವುದು. ಆ ದಂಡವು ಸ್ಲ್ಯಾಕ್ ಅಡ್ಜಸ್ಟರ್ ಎಂಬ ತೋಳನ್ನು ತಿರುಗಿಸುವುದು. ತೋಳಿನೊಡನೆ ತಿರುಗುವ ಎಸ್ ಅಕ್ಷರದಾಕಾರದ ಕ್ಯಾಮು ಷೂಗಳನ್ನು ಅಗಲಿಸಿ ಡ್ರಮ್ಮಿಗೆ ಒತ್ತುವುದು.

ಲೈನಿಂಗು ಸವೆದಂತೆಲ್ಲ ಷೂವಿಗೂ ಡ್ರಮ್ಮಿಗೂ ನಡುವಣ ಸಂದು ಹೆಚ್ಚುತ್ತದೆ. ದಂಡವು ಹೆಚ್ಚು ದೂರ ಚಲಿಸಬೇಕಾಗುತ್ತದೆ. 30ನೆಯ ನಮೂನೆಯ ಸಾಮಾನ್ಯ ಕೋಶದಲ್ಲಿ ಈ ಚಲನೆಯು ಹೆಚ್ಚೆಂದರೆ 2½ ಅಂಗುಲ. ತಪಾಸಣೆಯಲ್ಲಿ ಅದು 2 ಅಂಗುಲವನ್ನು ಮೀರಬಾರದೆಂದು ಅಮೆರಿಕದ ನಿಯಮವಿದೆ. ಏಕೆಂದರೆ ಇಳಿಜಾರಿನಲ್ಲಿ ಡ್ರಮ್ಮು ಕಾದು ಹಿಗ್ಗುವುದರಿಂದ ಉಳಿದ ಅರ್ಧ ಅಂಗುಲವೂ ತೀರಿಹೋಗಬಹುದು. ದಂಡವು ಕೋಶದ ಕೊನೆಯನ್ನು ಮುಟ್ಟಿದ ಮೇಲೆ ಪೆಡಲನ್ನು ಎಷ್ಟು ತುಳಿದರೂ ಬ್ರೇಕು ಹಿಡಿಯದು.

ಹಿಂದೆ ಈ ಸಂದನ್ನು ಕೆಲಸಗಾರನೇ ಸ್ಪ್ಯಾನರಿನಿಂದ ತಿರುಗಿಸಿ ಕಡಿಮೆ ಮಾಡುತ್ತಿದ್ದನು. ಸ್ವಯಂಚಾಲಿತ ಸಾಧನದಲ್ಲಿ ತೋಳಿನೊಳಗೆ ತಿರುಪಿನ ಹಲ್ಲೂ ಚಕ್ರದ ಹಲ್ಲೂ ಕೂಡಿರುತ್ತವೆ. ಚಲನೆಯು ಗೊತ್ತಾದ ಅಳತೆಯನ್ನು ಮೀರಿದರೆ ತಿರುಪು ಒಂದೇ ದಿಕ್ಕಿನಲ್ಲಿ ಸ್ವಲ್ಪ ತಿರುಗಿ ಕ್ಯಾಮನ್ನು ಮುಂದಕ್ಕೆ ಸರಿಸುತ್ತದೆ. ಹೀಗೆ ಸಂದು ಸ್ವಲ್ಪಸ್ವಲ್ಪವಾಗಿ ಮುಚ್ಚಿಕೊಳ್ಳುತ್ತದೆ. 1994ನೆಯ ಅಕ್ಟೋಬರ್ 20ರಿಂದ ತಯಾರಾದ ಗಾಳಿಬ್ರೇಕಿನ ಲಾರಿಗಳಿಗೆ ಅಮೆರಿಕದಲ್ಲಿ ಇದು ಕಡ್ಡಾಯವಾಯಿತು.

ಆದರೆ ಈ ಸಾಧನವು ಸಂದನ್ನು ಮುಚ್ಚುವುದೇ ಹೊರತು ಸವೆದ ಲೈನಿಂಗನ್ನು ಬೆಳೆಸಲಾರದು; ಬೇರೆ ಭಾಗಗಳ ಕೆಡಕನ್ನೂ ತಿದ್ದಲಾರದು. 2003ನೆಯ ಏಪ್ರಿಲ್ ತಿಂಗಳಲ್ಲಿ ಪೆನ್ಸಿಲ್ವೇನಿಯದ ಗ್ಲೆನ್ ರಾಕ್ ಎಂಬ ಊರಿನಲ್ಲಿ ಮಿತಿಮೀರಿ ಹೊರೆ ತುಂಬಿದ ಟಿಪ್ಪರ್ ಲಾರಿಯೊಂದು ಇಳಿಜಾರಿನಲ್ಲಿ ನಿಲ್ಲದೆ ನಾಲ್ಕು ಕಾರುಗಳಿಗೆ ಬಡಿದು ಪ್ರಾಣಹಾನಿಯಾಯಿತು. ಅದರ ಬ್ರೇಕಿನ ಮೂಲದೋಷವನ್ನು ಹುಡುಕದೆ ಸ್ವಯಂಚಾಲಿತ ಅಡ್ಜಸ್ಟರುಗಳನ್ನು ಕೈಯಿಂದಲೇ ತಿರುಗಿಸುತ್ತಿದ್ದುದು ವಿಚಾರಣೆಯಲ್ಲಿ ಹೊರಬಿತ್ತು. ಕೈಯಿಂದ ತಿರುಗಿಸಿದರೆ ಬ್ರೇಕು ಕೆಲಕಾಲ ಸರಿಯಾದಂತೆ ತೋರುವುದು. ಒಳಗಿನ ಕೇಡು ಹಾಗೆಯೇ ಉಳಿಯುವುದು.

ಆದುದರಿಂದ ಲಾರಿಯುಳ್ಳವರು ಗಮನಿಸತಕ್ಕ ಅಂಶಗಳು:

1. ಲೈನಿಂಗಿನ ದಪ್ಪವನ್ನು ಆಗಾಗ್ಗೆ ನೋಡಿ, ತಯಾರಕರು ಹೇಳಿದ ಮಿತಿಗೆ ಇಳಿದೊಡನೆ ಬದಲಾಯಿಸತಕ್ಕದ್ದು.

2. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡ ಕೊಟ್ಟು, ತಿಳಿದವರಿಂದ ದಂಡದ ಚಲನೆಯನ್ನು ಅಳೆಯಿಸತಕ್ಕದ್ದು.

3. ಚಲನೆಯು ಮಿತಿ ಮೀರಿದ್ದರೆ ಅಡ್ಜಸ್ಟರನ್ನು ತಿರುಗಿಸಿ ಸುಮ್ಮನಾಗಬಾರದು. ಪಿನ್ನು, ಬುಷ್ಷು, ಕ್ಯಾಮು, ಸ್ಪ್ರಿಂಗು ಇವುಗಳಲ್ಲಿ ಯಾವುದು ಸವೆದಿದೆ ಅಥವಾ ಮುರಿದಿದೆ ಎಂಬುದನ್ನು ಹುಡುಕಿಸತಕ್ಕದ್ದು.

4. ಅಡ್ಜಸ್ಟರಿಗೂ ಕ್ಯಾಮಿನ ಬುಷ್ಷುಗಳಿಗೂ ಕಾಲಕಾಲಕ್ಕೆ ಗ್ರೀಸು ತುಂಬತಕ್ಕದ್ದು.

5. ಘಟ್ಟವನ್ನಿಳಿಯುವ ಮೊದಲೇ ಕೆಳಗಿನ ಗೇರಿಗೆ ಬರತಕ್ಕದ್ದು. ಇಂಜಿನು ಗಾಡಿಯನ್ನು ತಡೆಹಿಡಿದಷ್ಟೂ ಡ್ರಮ್ಮು ಕಾಯುವುದು ಕಡಿಮೆಯಾಗುವುದು.