ತಾರಸಿಯಲ್ಲಿ ಮರೋಯ್: ಆರಿಸಿ ಬೆಳೆಸುವ ಬಗೆ

ಮಣಿಪುರದವರು ಮರೋಯ್ ನಕುಪ್ಪಿ ಎನ್ನುವ, ನರ್ಸರಿಗಳಲ್ಲಿ ಗಾರ್ಲಿಕ್ ಚೈವ್ಸ್ ಹೆಸರಿನಲ್ಲಿ ಸಿಗುವ ಗಿಡ ಈರುಳ್ಳಿಯ ಕುಲಕ್ಕೇ ಸೇರಿದ್ದು. ನೀರುಳ್ಳಿಯ ಹಾಗೆ ಗಡ್ಡೆ ದಪ್ಪವಾಗುವುದಿಲ್ಲ, ಎಲೆಯೇ ಇದರ ಬೆಳೆ. ಚೀನಾದಲ್ಲಿ ಬಹು ಹಿಂದಿನಿಂದ ಸಾಗುವಳಿಯಲ್ಲಿದೆ. ಮಣಿಪುರದ ವೈಷ್ಣವ ಮನೆಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿ ಹಾಕದ ಅಡುಗೆಗೆ ಘಮ ಕೊಡುವುದೂ ಇದೇ. ನಮ್ಮಲ್ಲಿ ಮಾತ್ರ ಇನ್ನೂ ಅಪರಿಚಿತ.

ಮೊದಲೇ ಒಂದು ಎಚ್ಚರಿಕೆ. ನಮ್ಮ ಕುರುಚಲು ಕಾಡುಗಳಲ್ಲಿ ‘ಕಾಡೀರುಳ್ಳಿ’ ಎಂದು ಕರೆಯುವ ಗಡ್ಡೆ ಇದಲ್ಲ. ಅದು ವಿಷ, ಹೃದಯದ ಬಡಿತವನ್ನೇ ಕೆಡಿಸುತ್ತದೆ. ಬಯಲಿನಿಂದ ಯಾವ ಗಡ್ಡೆಯನ್ನೂ ಕಿತ್ತು ತರಬೇಡಿ. ನರ್ಸರಿಯಿಂದ ತಂದ ಗಿಡದ ಎಲೆಯನ್ನೂ ಹಿಸುಕಿ ಮೂಸಿ, ಬೆಳ್ಳುಳ್ಳಿಯ ವಾಸನೆ ಬರಲೇಬೇಕು.

ಎಂಟು ಇಂಚು ಆಳದ ಕುಂಡ ಸಾಕು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಎರೆಗೊಬ್ಬರ, ಒಂದು ಪಾಲು ಮರಳು ಬೆರೆಸಿ. ಎಲೆಗಳನ್ನು ಎರಡು ಇಂಚಿಗೆ ಕತ್ತರಿಸಿ, ನಾಲ್ಕೈದು ಸಸಿಗಳನ್ನು ಒಟ್ಟಿಗೆ ನೆಡಿ. ಬೆಂಗಳೂರಿನ ಜಯನಗರದಂಥ ಕಡೆ ಮರಗಳ ನೆರಳಿನಲ್ಲಿ ಎಲೆ ಸಪೂರವಾಗುತ್ತದೆ. ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಬೀಳುವ ಜಾಗ ಹುಡುಕಿ. ಮಳೆಗಾಲದಲ್ಲಿ ಕುಂಡದ ತೂತು ಕಟ್ಟದಂತೆ ನೋಡಿಕೊಳ್ಳಿ. ಎರಡು ತಿಂಗಳು ಕತ್ತರಿ ತಾಗಿಸಬೇಡಿ. ಆಮೇಲೆ ಬುಡದಿಂದ ಎರಡು ಇಂಚು ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತದೆ.

ಇನ್ನು ನನಗೆ ಬಲು ಇಷ್ಟವಾದ ಕೆಲಸ, ತಳಿ ಆರಿಸುವುದು. ಒಂದೇ ಪೊಟ್ಟಣದ ಬೀಜ ಬಿತ್ತಿ ವೈವಿಧ್ಯ ಹುಡುಕಿದರೆ ನಿರಾಸೆಯೇ ಹೆಚ್ಚು. ಈ ಗಿಡದ ಬೀಜ ಬಹುಪಾಲು ಪರಾಗದ ಬೆರಕೆಯಿಲ್ಲದೆ, ತಾಯಿಯ ಪಡಿಯಚ್ಚಾಗಿ ಹುಟ್ಟುತ್ತದೆ. ಆದ್ದರಿಂದ ಬೇರೆ ಬೇರೆ ಕಡೆಯಿಂದ ಬುಡ ತನ್ನಿ: ಒಂದು ನರ್ಸರಿಯಿಂದ, ಒಂದು ಈಶಾನ್ಯದ ಸಾಮಾನು ಮಾರುವ ಅಂಗಡಿಯ ಬೇರುಸಹಿತ ಕಟ್ಟಿನಿಂದ, ಇನ್ನೊಂದು ಬಿಟಿಎಂ ಲೇಔಟ್‌ನಲ್ಲಿ ಮಣಿಪುರದ ಗೆಳೆಯರಿದ್ದರೆ ಅವರ ಮನೆಯಿಂದ. ಅಗಲ ಎಲೆಯ, ದಪ್ಪ ಬೇರಿನ ಮರೋಯ್ ನಪಾಕ್ಪಿ ಸಿಕ್ಕರೆ ಅದು ಬೇರೆಯೇ ಜಾತಿ, ಪ್ರತ್ಯೇಕ ಕುಂಡದಲ್ಲಿಡಿ.

ಮೂರಕ್ಕೂ ಒಂದೇ ಮಣ್ಣು, ಒಂದೇ ನೀರು. ಐಸ್‌ಕ್ರೀಂ ಕಡ್ಡಿಯ ಮೇಲೆ ತಂದ ಜಾಗ, ತಾರೀಕು ಬರೆದು ನೆಡಿ. ಒಂದೇ ದಿನ ಕೊಯ್ದು, ಗೇಣುದ್ದ ಚಿಗುರಲು ಯಾವುದಕ್ಕೆ ಎಷ್ಟು ದಿನ ಬೇಕಾಯಿತು ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನನ್ನ ಮೂರು ಕುಂಡಗಳಲ್ಲಿ ಒಂದು ಬೇಗ ಬಿಳಿ ನಕ್ಷತ್ರದಂಥ ಹೂಗೊಂಚಲು ಎತ್ತಿ ಎಲೆ ಒರಟಾಯಿತು. ಇನ್ನೊಂದು ಏಪ್ರಿಲ್ ಬಿಸಿಲಿಗೂ ತುದಿ ಒಣಗಿಸಿಕೊಳ್ಳಲಿಲ್ಲ. ನಾನು ಉಳಿಸಿಕೊಂಡದ್ದು ಅದನ್ನೇ. ಒಂದು ವರ್ಷ ನೋಡದೆ ಯಾವುದನ್ನೂ ತೆಗೆದುಹಾಕಬೇಡಿ.

ಎರಡು ವರ್ಷಕ್ಕೊಮ್ಮೆ ಗೆದ್ದ ಬುಡವನ್ನು ಅಗೆದು, ಕೈಯಿಂದ ಬಿಡಿಸಿ ಮರಿಗಳನ್ನು ನೆಡಿ. ನೆರೆಯವರಿಗೆ ಕೊಡುವಾಗ ಕಡ್ಡಿಯನ್ನೂ ಜೊತೆಗೆ ಕೊಡಿ. ಮನೆಯಲ್ಲಿ ನಾಯಿ, ಬೆಕ್ಕು ಇದ್ದರೆ ಕುಂಡ ಅವಕ್ಕೆ ಎಟುಕದಂತಿಡಿ, ಈರುಳ್ಳಿ ಕುಲದ ಸೊಪ್ಪು ಅವಕ್ಕೆ ಆಗದು. ಮೊದಲ ಕೊಯ್ಲನ್ನು ಸಣ್ಣಗೆ ಹೆಚ್ಚಿ ಅಕ್ಕಿ ರೊಟ್ಟಿಯ ಹಿಟ್ಟಿಗೆ ಕಲಸಿ.