ಉಳಿತಾಯ ಖಾತೆ ಮೈನಸ್‌ಗೆ ಇಳಿದರೆ

ಹೈದರಾಬಾದಿನ ಮೆಹದಿಪಟ್ನಂ ಸುತ್ತಮುತ್ತ ನೆಲೆಸಿರುವ ಬೀದರ್, ಕಲಬುರಗಿ ಕಡೆಯವರಿಗೆ ಬ್ಯಾಂಕಿನ ಅರ್ಜಿ ಬರೆದುಕೊಡುತ್ತ ಬಂದಿದ್ದೇನೆ. ಆ ಕೆಲಸ ಕಲಿಸಿದ ಪಾಠಗಳಿವು.

1. ಖಾತೆ ಯಾವುದೆಂದು ಮೊದಲು ನೋಡಿ. ವ್ಯಾಪಾರಿಯ ಓಡಿ (ಓವರ್‌ಡ್ರಾಫ್ಟ್) ಖಾತೆ ಎಂದರೆ ಬ್ಯಾಂಕು ಒಪ್ಪಿ ಕೊಟ್ಟ ಸಾಲ. ಅಲ್ಲಿ ಮೈನಸ್ಸೂ ಸಹಜ, ಬಡ್ಡಿಯೂ ಸಹಜ. ಉಳಿತಾಯ ಖಾತೆಗೆ ಆ ಲೆಕ್ಕ ಹೊಂದುವುದಿಲ್ಲ.

2. ಬರೀ ಮಿನಿಮಮ್ ಬ್ಯಾಲೆನ್ಸ್ ಚಾರ್ಜಿನಿಂದ ಉಳಿತಾಯ ಖಾತೆ ಮೈನಸ್ ಆಗಕೂಡದು. ಬೀದರಿನ ಒಬ್ಬ ಹೆಣ್ಣುಮಗಳು ಹೊಲಿಗೆ ಘಟಕದ ಕೆಲಸ ಬಿಟ್ಟಿದ್ದಳು. ಸಂಬಳ ನಿಂತ ಮೇಲೆ ಅವಳ ಸಂಬಳದ ಖಾತೆ ಸಾಮಾನ್ಯ ಉಳಿತಾಯ ಖಾತೆಯಾಗಿ, ಅದಕ್ಕೂ ಮಿನಿಮಮ್ ಬ್ಯಾಲೆನ್ಸ್ ಕಟ್ಟುಪಾಡು ಬಂತು. ತಿಂಗಳು ತಿಂಗಳೂ ಚಾರ್ಜು, ಅದರ ಮೇಲೆ ಜಿಎಸ್‌ಟಿ. ಶಿಲ್ಕು ಸೊನ್ನೆ ದಾಟಿ ಕೆಳಗಿಳಿಯಿತು. ಮಗಳ ಸ್ಕಾಲರ್‌ಶಿಪ್ ಜಮೆಯಾದದ್ದೇ ತಡ, ಬ್ಯಾಂಕು ಅದರಿಂದ ತನ್ನ ಬಾಕಿ ಮುರಿದುಕೊಂಡಿತು. "ಕಾಕಾ, ನಾ ಯಾವಾಗ ಸಾಲ ತಗೊಂಡೀನ್ರಿ?" ಎಂದು ಕೇಳಿದಳು. ಶಾಖೆಯಲ್ಲಿ ಅವಳಿಗೆ ಸಿಕ್ಕಿದ್ದ ಉತ್ತರ, ಸಿಸ್ಟಮ್ ತಾನಾಗಿಯೇ ಕಡಿಯುತ್ತದೆ ಎಂಬುದು. ಈ ಉತ್ತರವನ್ನು ಯಾರೂ ಒಪ್ಪಬೇಡಿ. ರಿಸರ್ವ್ ಬ್ಯಾಂಕಿನ 2014ರ ನವೆಂಬರ್ ಸುತ್ತೋಲೆ 2015ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಶಿಲ್ಕು ಕಡಿಮೆಯಾದರೆ ಬ್ಯಾಂಕು ಮೊದಲು ತಿಳಿಸಬೇಕು, ತುಂಬಲು ಒಂದು ತಿಂಗಳಾದರೂ ಕೊಡಬೇಕು. ಚಾರ್ಜು ಕೊರತೆಯ ಪ್ರಮಾಣಕ್ಕೆ ತಕ್ಕಂತಿರಬೇಕು. ಈ ಚಾರ್ಜಿನಿಂದಷ್ಟೇ ಖಾತೆ ಮೈನಸ್ ಆಗಬಾರದೆಂದೂ ಸುತ್ತೋಲೆಯಲ್ಲೇ ಇದೆ. ಸುತ್ತೋಲೆಯ ತಾರೀಖು ಹಾಕಿ ಅರ್ಜಿ ಕೊಟ್ಟ ಮೇಲೆ, ಸೊನ್ನೆಗಿಂತ ಕೆಳಗೆ ಕಡಿದದ್ದೆಲ್ಲ ವಾಪಸ್ ಬಂತು.

3. ಸ್ಟೇಟ್‌ಮೆಂಟಿನ ಒಂದೊಂದು ಸಾಲಿಗೂ ಗುರುತು ಹಾಕಿ. ಇಎಂಐ ಬೌನ್ಸ್ ಆದದ್ದಕ್ಕೆ ಬಿದ್ದ ಚಾರ್ಜು ಬೇರೆ, ಶಿಲ್ಕಿನ ಕೊರತೆಗೆ ಬಿದ್ದದ್ದು ಬೇರೆ. ಎರಡನ್ನೂ ಬೆರೆಸಿ ಬರೆದರೆ ನ್ಯಾಯವಾದ ದೂರೂ ಬಿದ್ದುಹೋಗುತ್ತದೆ.

4. ನಂಬರು ಬದಲಾದರೆ ಬ್ಯಾಂಕಿಗೆ ತಿಳಿಸಿ. ಇಲ್ಲದಿದ್ದರೆ ಎಚ್ಚರಿಕೆಯ ಎಸ್‌ಎಂಎಸ್ ಹಳೆಯ ಸಿಮ್ಮಿಗೆ ಹೋಗಿರುತ್ತದೆ.

5. ಕೌಂಟರಿನಲ್ಲಿ ಜಗಳವಾಡಿ ಫಲವಿಲ್ಲ. ಅಲ್ಲಿ ಕೂತವರು ನಿಯಮ ಮಾಡಿದವರಲ್ಲ. ದೂರು ಬರವಣಿಗೆಯಲ್ಲಿರಲಿ, ಸ್ವೀಕೃತಿ ಇಸಿದುಕೊಳ್ಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಇಲ್ಲವೇ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. 2021ರ ನವೆಂಬರಿನಲ್ಲಿ ಇಡೀ ದೇಶಕ್ಕೆ ಒಂದೇ ವ್ಯವಸ್ಥೆಯಾಯಿತು. ಶುಲ್ಕವಿಲ್ಲ, ವಕೀಲರೂ ಬೇಡ. ಮಾಹಿತಿಗೆ 14448ಕ್ಕೆ ಫೋನ್ ಮಾಡಿ.

6. ಬಳಸದ ಖಾತೆ ಮುಚ್ಚಿಸಿ. ಸ್ಕಾಲರ್‌ಶಿಪ್, ಪಿಂಚಣಿಯಷ್ಟೇ ಬರುವ ಮನೆಯವರು ಬೇಸಿಕ್ ಉಳಿತಾಯ ಖಾತೆಯನ್ನು ಹೆಸರು ಹೇಳಿಯೇ ಕೇಳಿ. ಅದಕ್ಕೆ ಮಿನಿಮಮ್ ಬ್ಯಾಲೆನ್ಸ್ ಇಲ್ಲ, ಎಟಿಎಂ ಕಾರ್ಡಿಗೂ ದುಡ್ಡಿಲ್ಲ. ಇಲ್ಲವೆನ್ನುವ ಅಧಿಕಾರ ಯಾವ ಶಾಖೆಗೂ ಇಲ್ಲ.